ಕಾವಲಿ ಸೇರಿದ ಕಾವಲುಗಾರ: ಮಿನ್ನೆಸೋಟದ ಬ್ಲೂಗಿಲ್ ಮೀನಿನ ಒಂದು ಪ್ರಕರಣ

ಜೂನ್ ಮೊದಲ ವಾರದಲ್ಲಿ, ಗಾಳಿ ಇಲ್ಲದ ಒಂದು ಬೆಳಿಗ್ಗೆ ಅಮೆರಿಕದ ಮಿನ್ನೆಸೋಟ ರಾಜ್ಯದ ಯಾವುದಾದರೂ ತಿಳಿನೀರಿನ ಕೆರೆಯ ದಂಡೆಯಲ್ಲಿ ನಿಂತು ನೋಡಿ. ಸೊಂಟದಷ್ಟು ಆಳದ ತಳದಲ್ಲಿ ಊಟದ ತಟ್ಟೆಯಗಲದ ಬಿಳಿ ಗುಂಡಿಗಳು ಕಾಣುತ್ತವೆ. ಒಂದೆರಡಲ್ಲ, ಒಂದಕ್ಕೊಂದು ಅಂಟಿಕೊಂಡ ಹಾಗೆ ಹತ್ತಾರು. ಪ್ರತಿ ಗುಂಡಿಯ ಮೇಲೂ ಒಂದೊಂದು ಮೀನು ಕಾವಲು ನಿಂತಿರುತ್ತದೆ. ಎದೆ ತಾಮ್ರದ ಬಣ್ಣ, ಕಿವಿರಿನ ತುದಿಯಲ್ಲಿ ಕಪ್ಪು ಬೊಟ್ಟು. ರೆಕ್ಕೆಯಿಂದ ಮೊಟ್ಟೆಗಳಿಗೆ ನೀರು ಬೀಸುತ್ತ, ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತ ಅದು ಅಲ್ಲಲ್ಲೇ ಸುತ್ತುತ್ತಿರುತ್ತದೆ. ಅದು ಬ್ಲೂಗಿಲ್ ಎಂಬ ಮೀನಿನ ಗಂಡು. ಗುಂಡಿ ಅದು ಬಾಲದಿಂದ ಗುಡಿಸಿ ಮಾಡಿದ ಗೂಡು.

ಆ ಹೊತ್ತಿನಲ್ಲಿ ಗಂಡಿಗೆ ಹಸಿವಿಗಿಂತ ಸಿಟ್ಟು ಹೆಚ್ಚು. ಎರೆಹುಳು ಚುಚ್ಚಿದ ಗಾಳ ಗೂಡಿನ ಮೇಲೆ ಇಳಿದರೆ ಅದನ್ನು ಕಚ್ಚಿ ಆಚೆ ಹಾಕಲು ಬರುತ್ತದೆ, ಸಿಕ್ಕಿಕೊಳ್ಳುತ್ತದೆ. ಒಂದನ್ನು ಎತ್ತಿ ಬಕೆಟ್ಟಿಗೆ ಹಾಕಿ ಗಾಳವನ್ನು ಒಂದು ಮಾರು ಆಚೆ ಎಸೆದರೆ ಪಕ್ಕದ ಗೂಡಿನದೂ ಹಾಗೇ ಬರುತ್ತದೆ. ಗಾಳ ಹಿಡಿದು ಒಂದು ವಾರವೂ ಆಗಿರದ ಮಗುವೂ ಅಲ್ಲಿ ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ. ಹೆಚ್ಚಿನ ಕೆರೆಗಳಲ್ಲಿ ಒಬ್ಬರಿಗೆ ದಿನಕ್ಕೆ 20 ಮೀನು ಎಂದು ಕಾನೂನು ಹೇಳುತ್ತದೆ. ನಾಲ್ಕು ಜನರ ಕುಟುಂಬ ಒಂದು ಬೆಳಿಗ್ಗೆ 80 ಮೀನು ಒಯ್ದರೂ ಯಾರೂ ತಪ್ಪು ಮಾಡಿದಂತಲ್ಲ. ವಾಲ್ಐ ಎಂಬ ಮೀನು ಈ ರಾಜ್ಯದ ಅಧಿಕೃತ ಮೀನು. ಅದನ್ನು ಹಿಡಿಯಲು ಮೇ ತಿಂಗಳ ಮಧ್ಯದವರೆಗೆ ಕಾಯಬೇಕು. ಬ್ಲೂಗಿಲ್‌ಗೆ ಅಂಥ ಮುಚ್ಚಿದ ಕಾಲವೇ ಇಲ್ಲ. ಮೊಟ್ಟೆ ಚೆಲ್ಲಿ ಹೊರಟುಹೋಗುವ ವಾಲ್ಐಗೆ ರಕ್ಷಣೆಯಿದೆ, ಮೊಟ್ಟೆಯ ಮೇಲೆ ನಿಂತು ಕಾಯುವ ಬ್ಲೂಗಿಲ್‌ಗೆ ಇಲ್ಲ.

ಈ ಪ್ರಕರಣದಲ್ಲಿ ಕಳ್ಳಬೇಟೆಗಾರರಿಲ್ಲ, ವಿಷ ಹಾಕಿದವರಿಲ್ಲ, ಸಿಡಿಮದ್ದು ಎಸೆದವರಿಲ್ಲ. ಮೀನಿನ ಸಂಖ್ಯೆಯೂ ಕುಸಿದಿರಲಿಲ್ಲ. ಆದರೂ ಕೆರೆಗಳಿಂದ ಏನೋ ಸೋರಿಹೋಗುತ್ತಿತ್ತು. ಅದು ಏನು, ಯಾಕೆ ಎಂದು ಅರ್ಥವಾಗಲು ಅರ್ಧ ಶತಮಾನವೇ ಹಿಡಿಯಿತು. ನಿಯಮ ಬದಲಾಗಿದ್ದು 2021ರಲ್ಲಿ.

ಬಾಣಲೆಯ ಅಳತೆಯ ಮೀನು

ಅಮೆರಿಕದವರು ಇಂಥ ಮೀನುಗಳನ್ನು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಇಡೀ ಮೀನು ಹುರಿಯುವ ಬಾಣಲೆಯಲ್ಲಿ ಹಿಡಿಯುತ್ತದೆ ಎಂಬುದು ಆ ಹೆಸರಿನ ಮೂಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾವಲಿ ಮೀನು. ಬ್ಲೂಗಿಲ್, ಅದರ ಹತ್ತಿರದ ಬಂಧು ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್ ಎಲ್ಲ ಈ ಗುಂಪಿನವು. ಬ್ಲೂಗಿಲ್, ಪಂಪ್ಕಿನ್‌ಸೀಡ್ ಮತ್ತು ಇವುಗಳ ಮಿಶ್ರತಳಿಗಳನ್ನು ಮಿನ್ನೆಸೋಟದ ಜನ ಸನ್‌ಫಿಶ್ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಆಕಾರ ನಮ್ಮ ಕೆರೆಗಳ ಜಿಲೇಬಿ ಮೀನಿನ ಹಾಗೆ, ಅಂಗೈಯಂತೆ ಅಗಲ, ಚಪ್ಪಟೆ. ಮಾಂಸ ಬಿಳಿ, ಸಿಹಿ. ವಿಷಕಾರಿ ಪಾದರಸವೂ ದೊಡ್ಡ ಬೇಟೆಮೀನುಗಳಿಗಿಂತ ಇದರಲ್ಲಿ ಕಡಿಮೆ. ಹೀಗಾಗಿ ಇದು ತೋರಿಕೆಯ ಮೀನಲ್ಲ, ಊಟದ ಮೀನು. ಮುಂದಿನದನ್ನೆಲ್ಲ ಓದುವಾಗ ಇದು ನೆನಪಿರಬೇಕು. ಯಾಕೆಂದರೆ ಇಲ್ಲಿನ ಸಂರಕ್ಷಣೆ ಹಿಡಿಯಬೇಡಿ ಎನ್ನುವುದಲ್ಲ, ತಿನ್ನಬೇಡಿ ಎನ್ನುವುದೂ ಅಲ್ಲ.

ಮಿನ್ನೆಸೋಟದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಗಾಳದ ಪರವಾನಗಿ ಪಡೆಯುತ್ತಾರೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಅದರ ಪಕ್ಕ ಸಣ್ಣ ಗುಡಿಸಲು. ಹನ್ನೆರಡು ತಿಂಗಳೂ ಯಾರಾದರೊಬ್ಬರ ಗಾಳ ನೀರಿನಲ್ಲಿರುತ್ತದೆ. ಅಲ್ಲಿ ಮಕ್ಕಳು ಮೊಟ್ಟಮೊದಲು ಹಿಡಿಯುವ ಮೀನು ಬಹುತೇಕ ಸನ್‌ಫಿಶ್. ಮನೆಯ ಹಿರಿಯರು ಕಲಿಸಿಕೊಡುವುದೂ ಇದರಿಂದಲೇ.

ದಶಕಗಳಿಂದ ಹಿರಿಯ ಗಾಳಗಾರರು ಒಂದೇ ದೂರು ಹೇಳುತ್ತಿದ್ದರು: ಮೀನು ಬೇಕಾದಷ್ಟಿದೆ, ಆದರೆ ದೊಡ್ಡದಿಲ್ಲ. ಅಂಗೈ ತುಂಬಿ ಬೆರಳ ತುದಿ ದಾಟುತ್ತಿದ್ದ, ಒಂಬತ್ತು ಇಂಚಿನ ಬ್ಲೂಗಿಲ್ ಈಗ ಆರು ಇಂಚಿಗೆ ನಿಂತಿದೆ. ರಾಜ್ಯದ ಬ್ಲೂಗಿಲ್ ದಾಖಲೆ ಇವತ್ತಿಗೂ ಹಬ್ಬರ್ಡ್ ಕೌಂಟಿಯ ಆಲಿಸ್ ಕೆರೆಯ ಹೆಸರಿನಲ್ಲಿದೆ: 2 ಪೌಂಡ್ 13 ಔನ್ಸ್, ಅಂದರೆ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ವರ್ಷ 1948. ಒಂದು ದಾಖಲೆಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಸರಿ. ಹಳಬರ ನೆನಪಿನಲ್ಲಿ ಮೀನು ವರ್ಷವರ್ಷಕ್ಕೂ ಬೆಳೆಯುತ್ತದೆ ಎಂಬ ಮಾತೂ ಇದೆ. ಆದರೆ ನೆರೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ 1940ರ ದಶಕದಿಂದ ಮೀನುಗಾರಿಕೆ ಇಲಾಖೆ ಬಲೆ ಹಾಕಿ ಅಳೆದಿಟ್ಟ ಲೆಕ್ಕಗಳಿದ್ದವು. ಆಂಡ್ರ್ಯೂ ರೈಪಲ್ ಎಂಬ ಮೀನು ವಿಜ್ಞಾನಿ ಮತ್ತು ಸಂಗಡಿಗರು ಸುಮಾರು 70 ವರ್ಷಗಳ ಆ ಲೆಕ್ಕಗಳನ್ನು ಒಟ್ಟುಮಾಡಿ ನೋಡಿ, 2016ರಲ್ಲಿ ಪ್ರಕಟಿಸಿದರು. ಬಾಣಲೆ ಮೀನುಗಳ ಗಾತ್ರ ಇಳಿಯುತ್ತ ಬಂದದ್ದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಹಿರಿಯರ ದೂರು ಬರೀ ಹಳಹಳಿಕೆಯಾಗಿರಲಿಲ್ಲ.

ಜಿಲೇಬಿ ಕೊಳದ ಪಾಠ, ಕೆರೆಗೆ ತಪ್ಪಾಗಿ

ಮೀನು ಸಣ್ಣದಾದರೆ ಕಾರಣ ಏನು? ಕೆರೆಯ ಬದಿಯಲ್ಲಿ ಯಾರನ್ನು ಕೇಳಿದರೂ ಸಿಗುತ್ತಿದ್ದ ಉತ್ತರ ಒಂದೇ: ಮೀನು ಅತಿಯಾಗಿದೆ, ಮೇವು ಸಾಲುತ್ತಿಲ್ಲ, ಇನ್ನಷ್ಟು ಹಿಡಿದು ತೆಳುಮಾಡಿ.

ಈ ಉತ್ತರ ದಡ್ಡತನದ್ದಲ್ಲ. ನಮ್ಮಲ್ಲಿ ಜಿಲೇಬಿ ಮೀನು ಸೇರಿಕೊಂಡ ಯಾವ ಕೃಷಿಹೊಂಡವನ್ನು ನೋಡಿದರೂ ಇದು ನಿಜವೇ. ಮರಿ ಮೇಲೆ ಮರಿ ಹಾಕಿ, ಮೂರು ಬೆರಳಗಲದ ಮೀನುಗಳೇ ತುಂಬಿ, ಒಂದೂ ಬೆಳೆಯದೆ ಹೊಂಡ ಕುದಿಯುತ್ತಿರುತ್ತದೆ. ಅಮೆರಿಕದಲ್ಲೂ ಈ ತಿಳಿವಳಿಕೆ ಬಂದದ್ದು ಹೊಂಡದಿಂದಲೇ. ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ 1930ರ ದಶಕದಿಂದ ಜಮೀನಿನ ಹೊಂಡಗಳಲ್ಲಿ ಬ್ಲೂಗಿಲ್ ಮತ್ತು ಅದನ್ನು ತಿನ್ನುವ ಬಾಸ್ ಮೀನನ್ನು ಜೊತೆಯಾಗಿ ಸಾಕಿ, ಎರಡರ ನಡುವಿನ ಸಮತೋಲ ಹೇಗೆ ನಿಲ್ಲುತ್ತದೆಂದು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಬಾಸ್ ಕಡಿಮೆಯಾದರೆ ಬ್ಲೂಗಿಲ್ ಹಿಡಿತ ತಪ್ಪಿ ಹೆಚ್ಚಿ ಕುಬ್ಜವಾಗುವುದನ್ನು ತೋರಿಸಿದರು. ಅದು ಗಟ್ಟಿ ಕೆಲಸ. ಜಮೀನಿನ ಹೊಂಡದ ಮಟ್ಟಿಗೆ ಇಂದಿಗೂ ನಿಲ್ಲುವ ಮಾತು.

ಎಡವಟ್ಟಾದದ್ದು ಆ ಪಾಠವನ್ನು ನೂರಾರು ಎಕರೆಯ, ತಣ್ಣನೆಯ, ಉತ್ತರದ ಕೆರೆಗಳಿಗೆ ಎತ್ತಿ ಹಾಕಿದಾಗ. ಅಲ್ಲಿ ಬಾಸ್, ಪೈಕ್, ವಾಲ್ಐ ಎಲ್ಲ ಇವೆ. ಮರಿಗಳನ್ನು ಸೋಸುವ ಕೆಲಸ ಅವು ಮಾಡುತ್ತವೆ. ಮತ್ತೆ, ಹೊಂಡ ತೆಳುಮಾಡುವವನು ಬಲೆ ಎಳೆದು ಸಣ್ಣದು ದೊಡ್ಡದು ಎಲ್ಲವನ್ನೂ ತೆಗೆಯುತ್ತಾನೆ. ಗಾಳ ಹಾಕುವವನು ಹಾಗೆ ಮಾಡುವುದಿಲ್ಲ. ಐದು ಇಂಚಿನದನ್ನು ನೀರಿಗೆ ಬಿಟ್ಟು ಎಂಟು ಇಂಚಿನದನ್ನು ಬಕೆಟ್ಟಿಗೆ ಹಾಕುತ್ತಾನೆ. ಐದು ಇಂಚಿನದರಿಂದ ಬಿಡಿಸಿದ ತುಂಡು ಬಾಯಿಗೆ ಸಾಲದು, ಅದನ್ನು ಕೊಯ್ಯುವ ಶ್ರಮವೇ ಹೆಚ್ಚು. ಅಂದರೆ ತೆಳುಮಾಡಿ ಎಂಬ ಉಪದೇಶ ಕೇಳಿ ಜನ ತೆಗೆದದ್ದು ಸಣ್ಣವನ್ನಲ್ಲ, ದೊಡ್ಡವನ್ನು. ಹಾಗೆ ತೆಗೆದಷ್ಟೂ ಉಳಿದವು ಸಣ್ಣವಾದವು, ಉಳಿದವು ಸಣ್ಣವಾದಷ್ಟೂ ಇನ್ನೂ ತೆಗೆಯಿರಿ ಎಂಬ ಉಪದೇಶ ಗಟ್ಟಿಯಾಯಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಭಾಗ ಇದು. ಜನರ ಉದ್ದೇಶ ಒಳ್ಳೆಯದಾಗಿತ್ತು, ತರ್ಕವೂ ಸರಿಯಾಗಿತ್ತು. ಆ ತರ್ಕ ಹುಟ್ಟಿದ ನೀರು ಮಾತ್ರ ಬೇರೆ.

ಗೂಡಿನ ಸುತ್ತಲಿನ ರಾಜಕೀಯ

ದೊಡ್ಡ ಮೀನು ಹೋದರೆ ಸಣ್ಣದು ಬೆಳೆದು ಆ ಜಾಗಕ್ಕೆ ಬರುತ್ತದಲ್ಲವೇ? ಬೇರೆ ಅನೇಕ ಮೀನುಗಳಲ್ಲಿ ಬರುತ್ತದೆ. ಬ್ಲೂಗಿಲ್‌ನಲ್ಲಿ ಹಾಗಾಗದಿರಲು ಕಾರಣ ಅದರ ಸಂಸಾರದಲ್ಲಿದೆ.

ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ, ಮೇ ಕೊನೆಯಿಂದ, ಗಂಡುಗಳು ಆಳವಿಲ್ಲದ ಜಾಗಕ್ಕೆ ಬಂದು ಗುಂಪಾಗಿ ಗೂಡು ಮಾಡುತ್ತವೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ತಾನಾಗಿ ಈಜುವವರೆಗೆ, ಇನ್ನೂ ಕೆಲವು ದಿನ, ಗಂಡೇ ಕಾಯಬೇಕು. ಆ ದಿನಗಳಲ್ಲಿ ಅದು ಮೇಯುವುದೂ ಕಡಿಮೆ. ಗಂಡನ್ನು ಗೂಡಿನಿಂದ ಎತ್ತಿದರೆ ಸುತ್ತ ಹೊಂಚು ಹಾಕಿದ ಸಣ್ಣ ಮೀನುಗಳು ನಿಮಿಷಗಳಲ್ಲಿ ನುಗ್ಗಿ ಮೊಟ್ಟೆಗಳನ್ನು ಮುಕ್ಕುತ್ತವೆ. ಕೊರವ ಮೀನು ತನ್ನ ಕೆಂಪು ಮರಿಗಳ ಉಂಡೆಯ ಕೆಳಗೆ ಕಾವಲು ಈಜುವುದನ್ನು ನಮ್ಮ ಕೆರೆಗಳಲ್ಲಿ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ತಾಯಿತಂದೆಯನ್ನು ಕಡಿದರೆ ಮರಿಗಳ ಗತಿ ಏನೆಂದೂ ಅವರಿಗೆ ಗೊತ್ತು.

ಆದರೆ ಬ್ಲೂಗಿಲ್‌ನಲ್ಲಿ ಒಂದು ವರ್ಷದ ಮೊಟ್ಟೆ ಹಾಳಾಗುವುದು ದೊಡ್ಡ ನಷ್ಟವಲ್ಲ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಉಳಿದ ಗೂಡುಗಳೇ ಕೆರೆ ತುಂಬಲು ಸಾಕು. ನಿಜವಾದ ನಷ್ಟ ಬೇರೆಡೆ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಪಿನಿಕಾನ್ ಕೆರೆಯಲ್ಲಿ ಮಾರ್ಟ್ ಗ್ರಾಸ್ ಎಂಬ ಜೀವವಿಜ್ಞಾನಿ 1970ರ ದಶಕದ ಕೊನೆಯಿಂದ ನೀರಿನೊಳಗೇ ಕೂತು ನೋಡಿದ್ದು ಇದು: ಬ್ಲೂಗಿಲ್ ಗಂಡುಗಳು ಎರಡು ದಾರಿ ಹಿಡಿಯುತ್ತವೆ. ಒಂದು ಬಗೆಯವು ಮರಿ ಮಾಡುವ ಆತುರವಿಲ್ಲದೆ ಮೈ ಬೆಳೆಸಿಕೊಂಡು, ಆ ತಣ್ಣನೆಯ ಕೆರೆಯಲ್ಲಿ ಸುಮಾರು ಏಳನೇ ವರ್ಷಕ್ಕೆ ಪ್ರೌಢವಾಗಿ ಗೂಡು ಕಟ್ಟುತ್ತವೆ. ಇನ್ನೊಂದು ಬಗೆಯವು ಎರಡನೇ ವರ್ಷಕ್ಕೇ ಪ್ರೌಢವಾಗಿ, ಬೆರಳುದ್ದ ಇರುವಾಗಲೇ ಬೇರೆಯವರ ಗೂಡಿಗೆ ಕಳ್ಳರಂತೆ ನುಗ್ಗಿ ಮೊಟ್ಟೆಗಳ ಮೇಲೆ ತಮ್ಮ ವೀರ್ಯ ಚೆಲ್ಲಿ ಓಡುತ್ತವೆ. ಸ್ವಲ್ಪ ದೊಡ್ಡವಾದ ಮೇಲೆ ಹೆಣ್ಣಿನ ಬಣ್ಣ, ಹೆಣ್ಣಿನ ನಡೆ ತೋರಿಸಿ ಒಳಗೆ ಸೇರಿಕೊಳ್ಳುತ್ತವೆ. ಒಮ್ಮೆ ಈ ದಾರಿ ಹಿಡಿದ ಗಂಡು ಮತ್ತೆಂದೂ ಗೂಡು ಕಾಯುವ ಗಂಡಾಗುವುದಿಲ್ಲ. ಬೆಳೆಯುವುದಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಆಗಲೇ ಖರ್ಚಾಗಿರುತ್ತದೆ.

ಇಲಿನಾಯ್ ರಾಜ್ಯದ ಸಂಶೋಧಕರು ಇದರ ಮುಂದಿನ ಎಳೆಯನ್ನು ಬಿಡಿಸಿದರು. ದೊಡ್ಡ ಗಂಡುಗಳು ಎದುರಿಗಿದ್ದರೆ ಎಳೆಯ ಗಂಡುಗಳು ತಡೆದು ನಿಲ್ಲುತ್ತವೆ. ಈಗ ಪ್ರೌಢವಾದರೂ ಒಳ್ಳೆಯ ಗೂಡಿನ ಜಾಗ ಸಿಗದು, ಹೆಣ್ಣು ತಿರುಗಿ ನೋಡದು. ಹಾಗಾಗಿ ಬೆಳೆಯುತ್ತಲೇ ಇರುತ್ತವೆ. ದೊಡ್ಡವು ಇಲ್ಲವಾದರೆ ಆ ತಡೆ ಕಳಚುತ್ತದೆ. ಎಳೆಯವು ಚಿಕ್ಕ ವಯಸ್ಸಿನಲ್ಲೇ, ಚಿಕ್ಕ ಮೈಯಲ್ಲೇ ಪ್ರೌಢವಾಗಿಬಿಡುತ್ತವೆ. ಪ್ರೌಢವಾದ ಮೇಲೆ ಬೆಳವಣಿಗೆ ನಿಧಾನ. ಹೀಗೆ ದೊಡ್ಡ ಗಂಡು ಕಾಯುತ್ತಿದ್ದುದು ತನ್ನ ಗೂಡನ್ನು ಮಾತ್ರವಲ್ಲ. ಅದು ಇದ್ದದ್ದರಿಂದಲೇ ಕೆರೆಯ ಉಳಿದ ಗಂಡುಗಳೂ ದೊಡ್ಡವಾಗಲು ಕಾಯುತ್ತಿದ್ದವು.

ಜೂನ್‌ನ ಆ ಬೆಳಿಗ್ಗೆ ಬಕೆಟ್ಟಿಗೆ ಬಿದ್ದ 20 ಮೀನುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಉತ್ತರದ ಕೆರೆಗಳಲ್ಲಿ ಬ್ಲೂಗಿಲ್ ಎಂಟು ಇಂಚು ತಲುಪಲು ಆರೇಳು ವರ್ಷ ಬೇಕು, ಕೆಲವು ಕೆರೆಗಳಲ್ಲಿ ಇನ್ನೂ ಹೆಚ್ಚು. ಆ ಬಕೆಟ್ಟಿನಲ್ಲಿ ಇಪ್ಪತ್ತು ಮೀನಲ್ಲ, ಒಟ್ಟು ನೂರಿಪ್ಪತ್ತು ವರ್ಷಗಳಷ್ಟು ಬೆಳವಣಿಗೆ ಇದೆ ಎಂದು ಲೆಕ್ಕ ಹಾಕಿದಾಗ ನನಗೆ ವಿಷಯದ ಭಾರ ತಿಳಿಯಿತು.

ಇಪ್ಪತ್ತು ಎಂಬ ಸಂಖ್ಯೆ ಏನನ್ನು ತಡೆಯಿತು

ಮಿನ್ನೆಸೋಟ ಸುಮ್ಮನೆ ಕೂತಿರಲಿಲ್ಲ. 2003ರಲ್ಲಿ ಸನ್‌ಫಿಶ್‌ನ ದಿನದ ಮಿತಿಯನ್ನು 30ರಿಂದ 20ಕ್ಕೆ ಇಳಿಸಿತ್ತು. ವಿಸ್ಕಾನ್ಸಿನ್ 1998ರಲ್ಲಿ 50ರಿಂದ 25ಕ್ಕೆ ಇಳಿದಿತ್ತು. ಕಾಗದದ ಮೇಲೆ ಇವು ದೊಡ್ಡ ಕಡಿತಗಳು. ನೀರಿನಲ್ಲಿ ಅಷ್ಟು ಪರಿಣಾಮ ಕಾಣಲಿಲ್ಲ, ಮತ್ತು ಅದಕ್ಕೆ ಕಾರಣ ಸರಳ ಕೂಡಿಕಳೆಯುವ ಲೆಕ್ಕ.

ಹತ್ತು ಜನ ಒಂದು ಕೆರೆಗೆ ಹೋದರು ಎಂದುಕೊಳ್ಳೋಣ. ಮೂವರಿಗೆ ಮನೆಗೆ ಒಯ್ಯುವಂಥದ್ದು ಏನೂ ಸಿಗಲಿಲ್ಲ, ನಾಲ್ವರು ನಾಲ್ಕು ನಾಲ್ಕು ಒಯ್ದರು, ಇಬ್ಬರು ಎಂಟೆಂಟು, ಒಬ್ಬ 25. ಒಟ್ಟು 57 ಮೀನು. ಮಿತಿಯನ್ನು 30ರಿಂದ 20ಕ್ಕೆ ಇಳಿಸಿದರೆ ಉಳಿಯುವುದು ಆ ಕೊನೆಯವನ ಐದು ಮೀನು ಮಾತ್ರ. ಉಳಿದ ಒಂಬತ್ತು ಜನರಿಗೆ ನಿಯಮ ಬದಲಾದದ್ದೇ ತಿಳಿಯದು. 10ಕ್ಕೆ ಇಳಿಸಿದರೆ 15 ಉಳಿಯುತ್ತದೆ. 5ಕ್ಕೆ ಇಳಿಸಿದರೆ 26, ಹೆಚ್ಚುಕಡಿಮೆ ಅರ್ಧ. ಈ ಅಂಕೆಗಳು ವಿವರಿಸಲು ನಾನೇ ಹಾಕಿಕೊಂಡವು, ಆದರೆ ಸ್ವರೂಪ ನಿಜ ಕೆರೆಗಳದ್ದೇ. ಹೆಚ್ಚಿನವರು ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ದಿನದ ಮಿತಿ ನಿಜವಾಗಿ ಕೆಲಸ ಮಾಡಬೇಕಾದರೆ ಅದು ಕೇಳಿದೊಡನೆ ಇಷ್ಟು ಕಡಿಮೆಯಾ ಎನ್ನಿಸುವಷ್ಟು ಕೆಳಗಿರಬೇಕು.

ಉದ್ದದ ಮಿತಿ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಏಳು ಇಂಚಿಗಿಂತ ಕಡಿಮೆ ಇದ್ದರೆ ಬಿಡಬೇಕು ಎಂದರೆ, ಜನ ಏಳು ದಾಟಿದ್ದನ್ನೇ ಒಯ್ಯುತ್ತಾರೆ. ಯಾವುದನ್ನು ಉಳಿಸಬೇಕೋ ಅದರ ಮೇಲೇ ಕಾನೂನು ಬೆರಳಿಟ್ಟು ತೋರಿಸಿದಂತೆ. ಇದನ್ನು ತಿರುಗಿಸಿ, ಎಂಟು ಇಂಚು ದಾಟಿದ್ದನ್ನು ಬಿಡಿ ಎಂದು ಬರೆಯಬಹುದು. ನನಗೆ ಅದು ಇಷ್ಟವೇ. ಆದರೆ ಮಂಜುಗಡ್ಡೆಯ ಮೇಲೆ, ಕೈ ಮರಗಟ್ಟಿದ ಹೊತ್ತಿನಲ್ಲಿ, ಅಂಗೈ ಅಗಲದ ಪ್ರತಿ ಮೀನಿಗೂ ಅಳತೆಪಟ್ಟಿ ಹಿಡಿಯುವುದು ಅಷ್ಟು ಸುಲಭವಲ್ಲ. ಮಕ್ಕಳೂ ಹಿಡಿಯುವ ಮೀನಿಗೆ ನಿಯಮ ಬಾಯಿಪಾಠವಾಗುವಷ್ಟು ಚಿಕ್ಕದಾಗಿರಬೇಕು. ಐದು. ಅಷ್ಟೇ.

2021ರ ತೀರ್ಮಾನ

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಎಲ್ಲ ಕೆರೆಗಳ ಮಿತಿಯನ್ನು ಒಮ್ಮೆಗೇ ಇಳಿಸಲಿಲ್ಲ. ದೊಡ್ಡ ಸನ್‌ಫಿಶ್ ಇನ್ನೂ ಉಳಿದಿರುವ, ಅಥವಾ ಬೆಳೆಯುವ ತಾಕತ್ತಿರುವ ಕೆರೆಗಳನ್ನು ಮಾತ್ರ ಆರಿಸಿಕೊಂಡಿತು. ಯಾವ ಕೆರೆ ಸೇರಿಸಬೇಕೆಂದು ಗಾಳಗಾರರನ್ನೇ ಕೇಳಿತು. ದೋಣಿ ಇಳಿಸುವ ಜಾಗಗಳಲ್ಲಿ ನೋಟಿಸ್ ಹಚ್ಚಿ, ಆಯಾ ಕೌಂಟಿಗಳಲ್ಲಿ ಸಭೆ ಕರೆದು, ಅಭಿಪ್ರಾಯ ಪಡೆಯಿತು. 2021ರ ಮಾರ್ಚ್ 1ರಿಂದ ಸುಮಾರು ನೂರು ಕೆರೆಗಳಲ್ಲಿ ದಿನಕ್ಕೆ ಐದು ಅಥವಾ ಹತ್ತು ಎಂಬ ಹೊಸ ಮಿತಿ ಜಾರಿಗೆ ಬಂತು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಕೆರೆಗಳು ಸೇರಿದವು. 200ರಿಂದ 250 ಕೆರೆ ಎಂಬುದು ಇಲಾಖೆ ಇಟ್ಟುಕೊಂಡಿದ್ದ ಗುರಿ. ಉಳಿದ ಸಾವಿರಾರು ಕೆರೆಗಳಲ್ಲಿ 20 ಹಾಗೇ ಉಳಿಯಿತು. ಮನೆಯ ಫ್ರೀಜರಿನಲ್ಲಿರುವುದನ್ನೂ ಸೇರಿಸಿ ಒಬ್ಬರ ಬಳಿ 20ಕ್ಕಿಂತ ಹೆಚ್ಚು ಇರಬಾರದು ಎಂಬ ನಿಯಮವೂ ಹಾಗೇ ಇದೆ.

ಕೆರೆ ಆರಿಸಿದ ಬಗೆ ಜಾಣತನದ್ದು ಎಂದು ನನ್ನ ಅಭಿಪ್ರಾಯ. ಮೇವಿಲ್ಲದೆ ನಿಧಾನವಾಗಿ ಬೆಳೆಯುವ ಕೆರೆಯಲ್ಲಿ ಮಿತಿ ಇಳಿಸಿದರೆ ಸಣ್ಣ ಮೀನೇ ಇನ್ನಷ್ಟು ಸೇರುತ್ತವೆ. ಅಲ್ಲಿ ಹೊಂಡದ ತರ್ಕವೇ ನಿಜವಾಗಬಹುದು. ಅಂಥ ಕಡೆ ನಿಯಮ ಸೋತರೆ ಜನ ಎಲ್ಲ ಕಡೆಯ ನಿಯಮವನ್ನೂ ನಂಬುವುದಿಲ್ಲ. ದೊಡ್ಡದು ಇರುವ ಕೆರೆಯನ್ನು ಕಾಯುವುದು, ಕಳೆದುಕೊಂಡ ಕೆರೆಯಲ್ಲಿ ಮರಳಿ ಪಡೆಯುವುದಕ್ಕಿಂತ ಎಷ್ಟೋ ಹಗುರ.

ಆಕ್ಷೇಪಗಳಲ್ಲಿ ಒಂದು ತೂಕದ್ದು, ಅದನ್ನು ತಳ್ಳಿಹಾಕಲಾರೆ. ಊಟಕ್ಕೆಂದೇ ಹಿಡಿಯುವವರಿದ್ದಾರೆ. ದೋಣಿಯಿಲ್ಲ, ಸೇತುವೆಯ ಪಕ್ಕದಲ್ಲಿ ಅಥವಾ ಕಟ್ಟೆಯ ಮೇಲೆ ಕೂತು ಬೆಂಡು ನೋಡುವವರು. ಐದು ಮೀನು ಅವರ ಮನೆಯ ಒಂದು ಹೊತ್ತಿಗೂ ಸಾಲದು. ದೊಡ್ಡ ಮೀನು ನೋಡಬೇಕೆಂಬ ಆಸೆ ಹೊಟ್ಟೆ ತುಂಬಿದವರದ್ದು ಎಂದು ಅವರಿಗೆ ಅನ್ನಿಸಿದರೆ ಅದರಲ್ಲಿ ತಪ್ಪಿಲ್ಲ. ಇದಕ್ಕೆ ಉತ್ತರ ಎರಡು. ಬಹುಪಾಲು ಕೆರೆಗಳಲ್ಲಿ 20ರ ಮಿತಿ ಇನ್ನೂ ಇದೆ ಎಂಬುದು ಒಂದು. ಎಂಟೂವರೆ ಇಂಚಿನ ಮೀನಿನಲ್ಲಿ ಆರು ಇಂಚಿನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಕವಿರುತ್ತದೆ ಎಂಬುದು ಇನ್ನೊಂದು. ಮೀನಿನ ತೂಕ ಉದ್ದದ ಹಾಗೆ ಏರುವುದಿಲ್ಲ, ಉದ್ದದ ಘನದ ಹಾಗೆ ಏರುತ್ತದೆ. ಕೆರೆ ಕುಬ್ಜವಾದರೆ ಮೊದಲು ನಷ್ಟ ತಿನ್ನುವವನಿಗೇ. ಆದರೂ ಬಸ್ಸಿನಲ್ಲಿ ಹೋಗಿ ಮುಟ್ಟಬಹುದಾದ ಕೆರೆ ಒಂದೇ ಇರುವವರಿಗೆ ಉಳಿದ ಸಾವಿರ ಕೆರೆಗಳ ಮಾತು ಸಮಾಧಾನ ಕೊಡುವುದಿಲ್ಲ. ಊರೊಳಗಿನ ಕೆರೆಗಳನ್ನು ಪಟ್ಟಿಗೆ ಸೇರಿಸುವಾಗ ಇದನ್ನು ಮೊದಲು ಕೇಳಬೇಕು, ಕೊನೆಗಲ್ಲ.

ಕೆಲಸ ಮಾಡುತ್ತದೆಯೇ

ವಿಸ್ಕಾನ್ಸಿನ್‌ನಲ್ಲಿ ಕೆಲವು ಕೆರೆಗಳ ಮಿತಿಯನ್ನು 25ರಿಂದ 10ಕ್ಕೆ ಇಳಿಸಿ, ಇಳಿಸದ ಕೆರೆಗಳ ಜೊತೆ ಹೋಲಿಸಿ ನೋಡಿದ ಅಧ್ಯಯನವನ್ನು ರೈಪಲ್ 2015ರಲ್ಲಿ ಪ್ರಕಟಿಸಿದ್ದರು. ಮಿತಿ ಇಳಿಸಿದ ಕಡೆ ಅತಿ ದೊಡ್ಡ ಬ್ಲೂಗಿಲ್‌ಗಳ ಉದ್ದ ಸರಾಸರಿ ಸುಮಾರು ಎರಡು ಸೆಂಟಿಮೀಟರ್ ಹೆಚ್ಚಿತ್ತು. ಎರಡು ಸೆಂಟಿಮೀಟರ್ ಎಂದರೆ ಉಗುರಿನಗಲಕ್ಕಿಂತ ಸ್ವಲ್ಪ ಹೆಚ್ಚು. ಕೇಳಲು ಅಲ್ಪ. ಏಳು ಇಂಚಿನ ಮೀನಿಗೆ ಎರಡು ಸೆಂಟಿಮೀಟರ್ ಸೇರಿದರೆ ತೂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಏರುತ್ತದೆ.

ಆ ಧೈರ್ಯದ ಮೇಲೆ ವಿಸ್ಕಾನ್ಸಿನ್ 2016ರಲ್ಲಿ ತೊಂಬತ್ತಕ್ಕೂ ಹೆಚ್ಚು ಕೆರೆಗಳಲ್ಲಿ ಮೂರು ಬಗೆಯ ನಿಯಮಗಳನ್ನು ಹತ್ತು ವರ್ಷಗಳ ಪ್ರಯೋಗವಾಗಿ ತಂದಿತು. ಕೆಲವೆಡೆ ಒಟ್ಟು 25, ಆದರೆ ಒಂದೇ ಜಾತಿಯದು ಹತ್ತಕ್ಕಿಂತ ಹೆಚ್ಚಿಲ್ಲ. ಕೆಲವೆಡೆ ವರ್ಷವಿಡೀ ಒಟ್ಟು 15, ಒಂದೇ ಜಾತಿಯದು ಐದು. ಮೂರನೆಯದು ನನಗೆ ಬಹಳ ಹಿಡಿಸಿದ್ದು: ವರ್ಷವೆಲ್ಲ 25, ಮೇ ಮತ್ತು ಜೂನ್‌ನಲ್ಲಿ ಮಾತ್ರ ಒಟ್ಟು 15, ಒಂದೇ ಜಾತಿಯದು ಐದು. ಗೂಡಿನ ಕಾಲವನ್ನು ನೋಡಿ ಬರೆದ ನಿಯಮ ಅದು. ಹತ್ತು ವರ್ಷ ಯಾಕೆ ಬೇಕು ಎಂದರೆ ಉತ್ತರ ಮೀನಿನಲ್ಲೇ ಇದೆ. ನಿಯಮ ಬಂದ ವರ್ಷ ಹುಟ್ಟಿದ ಮರಿ ಎಂಟು ಇಂಚಾಗಲು ಏಳು ವರ್ಷ ಬೇಕು. ಮೂರನೇ ವರ್ಷಕ್ಕೆ ಫಲ ಕಾಣಲಿಲ್ಲವೆಂದು ನಿಯಮ ಕಿತ್ತುಹಾಕುವುದು, ತೆಂಗಿನ ಸಸಿ ನೆಟ್ಟು ಮರುವರ್ಷ ಕಾಯಿ ಕೇಳಿದ ಹಾಗೆ.

ಈ ನಿಯಮಗಳ ಕೈಗೆ ಸಿಗದ್ದೂ ಇದೆ. ಚಳಿಗಾಲದಲ್ಲಿ ಮೀನು ಗುಂಪಾಗಿ ಒಂದೇ ಕಡೆ ನಿಲ್ಲುತ್ತದೆ. ಮೊದಲು ಆ ಜಾಗ ಹುಡುಕಲು ಅನುಭವ ಬೇಕಿತ್ತು, ಈಗ ನೀರಿನೊಳಗಿನ ಮೀನನ್ನು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ತೋರಿಸುವ ಸೋನಾರ್ ಇದೆ. ಸಿಕ್ಕ ಜಾಗದ ಸುದ್ದಿ ಸಂಜೆಯೊಳಗೆ ಫೋನುಗಳಲ್ಲಿ ಹರಡುತ್ತದೆ. ದಂಡೆಯ ಮನೆಗಳವರು ಈಜಲು ಅಡ್ಡಿಯೆಂದು ನೀರುಗಿಡ ಕೀಳುತ್ತಾರೆ; ಮರಿಗಳು ಅಡಗುವುದು ಆ ಗಿಡಗಳಲ್ಲೇ. ದಿನದ ಮಿತಿಯೊಂದೇ ಇದನ್ನೆಲ್ಲ ಸರಿಮಾಡದು.

ಇನ್ನೊಂದು ಮಾತು. ಇದೇ ಬ್ಲೂಗಿಲ್ ಜಪಾನಿನಲ್ಲಿ ಪಿಡುಗು. 1960ರಲ್ಲಿ ಅಮೆರಿಕಕ್ಕೆ ಬಂದಿದ್ದ ಆಗಿನ ಯುವರಾಜ ಅಕಿಹಿತೊ ಅವರಿಗೆ ಶಿಕಾಗೋ ಮೇಯರ್ ಇದನ್ನು ಉಡುಗೊರೆ ಕೊಟ್ಟರು. ಮುಂದೆ ಅದು ಕೆರೆಗಳಿಗೆ ಸೇರಿ ಅಲ್ಲಿನ ಮೀನುಗಳನ್ನು ಒತ್ತಿಹಾಕಿತು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಸ್ವತಃ ಮೀನುಗಳ ಅಧ್ಯಯನಕಾರರೂ ಆಗಿದ್ದ ಅಕಿಹಿತೊ ಅದರ ಬಗ್ಗೆ ಬಹಿರಂಗವಾಗಿ ನೋವು ತೋಡಿಕೊಂಡರು. ಇಲ್ಲಿ ಹೇಳುತ್ತಿರುವ ಕಾಳಜಿಯೆಲ್ಲ ಬ್ಲೂಗಿಲ್ ತನ್ನ ಸ್ವಂತ ನೀರಿನಲ್ಲಿರುವಾಗಿನದು.

ಹತ್ತುಮೀನಿನ ನೆನಪು

ಇದನ್ನೆಲ್ಲ ಓದುವಾಗ ನನಗೆ ಮಲೆನಾಡಿನ ಜೂನ್ ನೆನಪಾಗುತ್ತಲೇ ಇತ್ತು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತದೆ, ಮೊಟ್ಟೆ ಇಡಲು. ಹತ್ತುಮೀನು. ರಾತ್ರಿ ಟಾರ್ಚು, ಕತ್ತಿ, ಕೂಣಿ ಎಂಬ ಮೀನುಬೋನು ಹಿಡಿದು ಊರಿಗೆ ಊರೇ ಗದ್ದೆ ಬದುವಿನ ಮೇಲೆ. ಆ ಸಂಭ್ರಮವನ್ನು ನಾನು ಸಣ್ಣದಾಗಿ ಹೇಳಲಾರೆ, ಅದು ನನ್ನ ಬಾಲ್ಯದ ದೊಡ್ಡ ಹಬ್ಬ. ಹೊಟ್ಟೆ ಉಬ್ಬಿದ ಮೀನೊಂದು ನನ್ನ ಕೈಗೆ ಸಿಕ್ಕಾಗ ಚಿಕ್ಕಪ್ಪ, "ಮೊಟ್ಟೆ ಐತಲ್ಲೋ ಮಾರಾಯ, ಬಿಟ್ಬಿಡು ಅದನ್ನ" ಎಂದಿದ್ದರು. ಬಿಟ್ಟೆ. ಹತ್ತು ಹೆಜ್ಜೆ ಕೆಳಗೆ ಇನ್ಯಾರದೋ ಕೂಣಿ ಇತ್ತು.

ಒಬ್ಬರು ಬಿಟ್ಟದ್ದು ಇನ್ನೊಬ್ಬರ ಕೂಣಿಗೆ ಬೀಳದಿರಲು ನಿಯಮ ಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯದ್ದು ಅದಕ್ಕೇ. ಆದರೆ ಹತ್ತುಮೀನಿನಲ್ಲಿ ಕಾಲ ನೋಡಿ ಬಿಡಬೇಕು, ಬ್ಲೂಗಿಲ್‌ನಲ್ಲಿ ಕಾಲದ ಜೊತೆ ಗಾತ್ರವನ್ನೂ ನೋಡಿ ಬಿಡಬೇಕು. ಐದರ ಮಿತಿಯಿರುವ ಕೆರೆಯಲ್ಲೂ ಕಾನೂನು ಎಣಿಸುವುದು ತಲೆಗಳನ್ನು ಮಾತ್ರ. ಐದೂ ಒಂಬತ್ತು ಇಂಚಿನ ಗೂಡು ಕಾಯುವ ಗಂಡುಗಳಾದರೂ ಅದಕ್ಕೆ ಒಪ್ಪಿಗೆ. ಅಲ್ಲಿಂದ ಮುಂದಿನದು ಗಾಳ ಹಿಡಿದವರ ಕೈಯಲ್ಲಿದೆ.

ಹಾಗಾಗಿ ಈ ಮೀನು ಹಿಡಿಯುವ ಕನ್ನಡಿಗರು ಅಲ್ಲಿದ್ದರೆ ನನ್ನ ಸಲಹೆ ಇಷ್ಟು. ಆರೂವರೆಯಿಂದ ಏಳೂವರೆ ಇಂಚಿನವನ್ನು ಊಟಕ್ಕೆ ಇಟ್ಟುಕೊಳ್ಳಿ. ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿಯಲು ಅದೇ ಸರಿಯಾದ ಅಳತೆ. ಎಂಟು ದಾಟಿದ್ದನ್ನು ಬಿಡಿ. ಎದೆ ತಾಮ್ರವಾಗಿದ್ದು, ಕಾಲ ಜೂನ್ ಆಗಿದ್ದರೆ, ಎಷ್ಟೇ ಉದ್ದವಿರಲಿ, ಗಾಳ ಬಿಡಿಸಿ ಹಿಡಿದ ಜಾಗದಲ್ಲೇ ಬೇಗ ಬಿಡಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಮೈಮೇಲಿನ ಲೋಳೆ ಹೋಗಬಾರದು. ಬಿಟ್ಟ ಮೇಲೆ ಒಂದು ನಿಮಿಷ ಅಲ್ಲೇ ನಿಂತು ನೋಡಿ. ಅದು ಆಳಕ್ಕೆ ಓಡುವುದಿಲ್ಲ. ನೇರ ತನ್ನ ಬಿಳಿ ಗುಂಡಿಯ ಮೇಲೆ ಹೋಗಿ, ಒಳಗೆ ನುಗ್ಗಿರುವ ಮರಿಕಳ್ಳರನ್ನು ಅಟ್ಟಲು ಶುರುಮಾಡುತ್ತದೆ.